ಆಲ್ಚಿಗೆ ಮೊದಲು ಹೋಗಿ, ಸಂಗಮಕ್ಕೆ ಆಮೇಲೆ

ಲೇಹ್‌ನ ಟ್ಯಾಕ್ಸಿ ಚಾಲಕರಿಗೆ ಪಶ್ಚಿಮ ದಿಕ್ಕಿನ ಒಂದು ದಿನದ ಸುತ್ತಾಟ ಬಾಯಿಪಾಠ. ಪತ್ಥರ್ ಸಾಹಿಬ್ ಗುರುದ್ವಾರ, ಗಾಡಿ ತಾನಾಗಿಯೇ ಏರು ಹತ್ತುತ್ತದೆ ಎಂದು ಭ್ರಮೆ ಹುಟ್ಟಿಸುವ ಮ್ಯಾಗ್ನೆಟಿಕ್ ಹಿಲ್, ನಿಮ್ಮು ಹತ್ತಿರ ಸಿಂಧೂ ಮತ್ತು ಜಾಂಸ್ಕಾರ್ ನದಿಗಳ ಸಂಗಮ, ಬಾಸ್ಗೋ ಕೋಟೆ, ಲಿಕಿರ್ ಮಠ. ಇಷ್ಟೆಲ್ಲ ಮುಗಿದು ಹೊತ್ತು ಉಳಿದರೆ ಆಲ್ಚಿ ಎಂಬ ಹಳ್ಳಿಯ ಹಳೆಯ ಬೌದ್ಧ ಗುಡಿಗಳು. ಅಷ್ಟರಲ್ಲಿ ಬಿಸಿಲಿಗೆ ತಲೆ ಸಿಡಿಯುತ್ತಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಜನ ಶೂ ಬಿಚ್ಚಿ, ಕತ್ತಲ ಕೋಣೆಯೊಳಗೆ ಐದು ನಿಮಿಷ ಇಣುಕಿ, ‘ಏನೂ ಸರಿಯಾಗಿ ಕಾಣಲಿಲ್ಲ, ಫೋಟೋ ತೆಗೆಯಲೂ ಬಿಡಲಿಲ್ಲ’ ಎನ್ನುತ್ತ ಹೊರಗೆ ಬರುತ್ತಾರೆ. ಉರಿಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಐದು ನಿಮಿಷದಲ್ಲಿ ಏನೂ ಕಾಣುವುದಿಲ್ಲ ಎನ್ನುವುದು ನಿಜವೇ.

ಆದ್ದರಿಂದ ಮೊದಲ ಸಲಹೆ: ಈ ಸುತ್ತಾಟವನ್ನು ತಿರುವುಮುರುವು ಮಾಡಿ. ಬೆಳಗ್ಗೆ ಲೇಹ್ ಬಿಟ್ಟವರು ದಾರಿಯಲ್ಲಿ ಎಲ್ಲೂ ಇಳಿಯದೆ ನೇರ ಆಲ್ಚಿಗೆ ಹೋಗಿ. ಶ್ರೀನಗರದ ಹೆದ್ದಾರಿಯಲ್ಲಿ ಸುಮಾರು 65 ಕಿಲೋಮೀಟರ್ ದೂರ. ಸಸ್‌ಪೋಲ್ ಊರಿನ ಹತ್ತಿರ ಹೆದ್ದಾರಿ ಬಿಟ್ಟು, ಸೇತುವೆ ದಾಟಿ, ಸಿಂಧೂವಿನ ಆಚೆ ದಡಕ್ಕೆ ಹೋದರೆ ಊರು ಸಿಗುತ್ತದೆ. ಸಂಗಮ, ಕೋಟೆ, ಗುರುದ್ವಾರಗಳನ್ನು ವಾಪಸು ಬರುವಾಗ ನೋಡಿಕೊಳ್ಳಬಹುದು. ಅವು ಸಂಜೆಯ ಬೆಳಕಿನಲ್ಲೂ ಚೆನ್ನಾಗಿಯೇ ಕಾಣುತ್ತವೆ. ಚಾಲಕ ಗೊಣಗಿದರೆ ಗೊಣಗಲಿ, ಹೊರಡುವ ಹಿಂದಿನ ದಿನವೇ ಮಾತಾಡಿಕೊಂಡಿದ್ದರೆ ಅದೂ ಇರುವುದಿಲ್ಲ.

ಲಡಾಖಿನ ಮಠಗಳೆಂದರೆ ನಮ್ಮ ಕಣ್ಣಿಗೆ ಬರುವುದು ಗುಡ್ಡದ ನೆತ್ತಿಯ ಮೇಲೆ ಬಿಳಿ ಮನೆಗಳು ಒಂದರ ಮೇಲೊಂದು ಏರಿ ಕೂತ ಚಿತ್ರ. ಥಿಕ್ಸೆ ಹಾಗಿದೆ, ಲಿಕಿರ್ ಹಾಗಿದೆ, ಲಾಮಾಯೂರು ಹಾಗಿದೆ. ಆಲ್ಚಿ ಹಾಗಿಲ್ಲ. ಅದು ಸಮತಟ್ಟು ನೆಲದಲ್ಲಿ, ಹಳ್ಳಿಯ ಮನೆಗಳ ಸಾಲಿನಲ್ಲೇ, ಜವೆಗೋಧಿ ಹೊಲಗಳ ಮತ್ತು ಏಪ್ರಿಕಾಟ್ ಮರಗಳ ನಡುವೆ ಇದೆ. ವಾಹನ ನಿಲ್ಲಿಸಿ ಓಣಿಯಲ್ಲಿ ನಡೆಯಬೇಕು. ಎರಡೂ ಕಡೆ ಮಣಿಸರ, ಒಣ ಏಪ್ರಿಕಾಟ್ ಮಾರುವ ಹೆಂಗಸರು. ದೂರದಿಂದ ಗುಡಿಯ ಸುಳಿವೇ ಸಿಗುವುದಿಲ್ಲ. ಮಣ್ಣಿನ ಗೋಡೆಯ, ಚಪ್ಪಟೆ ಮಾಳಿಗೆಯ ಆರೇಳು ಕಟ್ಟಡಗಳ ಈ ಆವರಣಕ್ಕೆ ಚೋಸ್‌ಖೋರ್ ಎಂದು ಹೆಸರು. ಗುಡಿಗೆ ಲಡಾಖಿಗರು ಹೇಳುವುದು ಲ್ಹಾಖಾಂಗ್ ಎಂದು, ಸ್ತೂಪಕ್ಕೆ ಚೋರ್ತೆನ್ ಎಂದು. ಈ ಎರಡು ಪದ ತಿಳಿದಿದ್ದರೆ ಅಲ್ಲಿ ಯಾರನ್ನಾದರೂ ದಾರಿ ಕೇಳಬಹುದು.

ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠವನ್ನು ನೋಡಿದವರು ಅದೇ ಗಾತ್ರ, ಅದೇ ಹೊಳಪನ್ನು ಇಲ್ಲಿ ನಿರೀಕ್ಷಿಸಿ ಹೋಗಬೇಡಿ. ಅಲ್ಲಿನ ವಿಗ್ರಹಗಳು ಸುಮಾರು 60 ಅಡಿ ಎತ್ತರದವು, ಚಿನ್ನದ ಲೇಪದವು, ನಮ್ಮ ಕಾಲದವು. ಆಲ್ಚಿಯವು ಮಣ್ಣಿನವು, ಎಂಟುನೂರು ವರ್ಷಕ್ಕೂ ಹಳೆಯವು ಎನ್ನಬಹುದಾದವು. ಬಣ್ಣ ಕೆಲವು ಕಡೆ ಮಾಸಿದೆ, ಕೆಲವು ಕಡೆ ಆಮೇಲೆ ಬಳಿದದ್ದು. ಆಲ್ಚಿಯ ಸೊಗಸು ಇರುವುದು ಬೆರಳಿನಷ್ಟು ಗಾತ್ರದ ಚಿತ್ರಗಳಲ್ಲಿ.

ಮಣ್ಣಿನ ಗುಡಿಗೆ ಇಷ್ಟು ಮರ್ಯಾದೆ ಏಕೆ

ಸ್ಥಳೀಯ ನಂಬಿಕೆಯಂತೆ ಆಲ್ಚಿಯನ್ನು ಕಟ್ಟಿಸಿದ್ದು ರಿಂಚೆನ್ ಸಾಂಗ್ಪೋ ಎಂಬ ಮಹಾ ಅನುವಾದಕ. ಕ್ರಿ.ಶ. 958ರಿಂದ 1055ರವರೆಗೆ ಬದುಕಿದ್ದ ಈ ಲಾಮಾ ಕಾಶ್ಮೀರಕ್ಕೆ ಹೋಗಿ ಸಂಸ್ಕೃತ ಕಲಿತು, ಬೌದ್ಧ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದವನು. ಪಶ್ಚಿಮ ಹಿಮಾಲಯದಲ್ಲಿ 108 ಗುಡಿಗಳನ್ನು ಕಟ್ಟಿಸಿದ ಎನ್ನುವ ಖ್ಯಾತಿಯೂ ಅವನಿಗಿದೆ. ಗುಡಿಯೊಳಗಿನ ಬರಹಗಳು ಹೇಳುವುದು ಬೇರೆ. ದುಖಾಂಗ್ ಎಂಬ ಸಭಾಮಂದಿರವನ್ನು ಕಲ್ದೆನ್ ಶೆರಬ್, ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಗುಡಿಯನ್ನು ತ್ಸುಲ್ತ್ರಿಮ್ ಓ ಎಂಬ ಭಿಕ್ಷುಗಳು ಕಟ್ಟಿಸಿದರು ಎನ್ನುತ್ತವೆ ಅವು. ಇಬ್ಬರೂ ದ್ರೋ ಎಂಬ ದೊಡ್ಡ ಮನೆತನದವರು. ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಹನ್ನೊಂದನೇ ಶತಮಾನದ ಕೊನೆಯಿಂದ ಹದಿಮೂರನೆಯದರ ಮೊದಲ ಭಾಗದವರೆಗೆ ಎಳೆದಾಟ ನಡೆದಿದೆ. ಸುಮ್‌ತ್ಸೆಕ್‌ನ ಮೇಲಂತಸ್ತಿನಲ್ಲಿ ಗುರುಪರಂಪರೆಯ ಚಿತ್ರವೊಂದಿದ್ದು, ಅದರ ಕೊನೆಗೆ ಬರುವವನು 1217ರಲ್ಲಿ ತೀರಿಕೊಂಡ ದ್ರಿಗುಂಗ್ ಪಂಥದ ಸ್ಥಾಪಕ ಎಂದು ಓದಿದವರು ಗುಡಿಯನ್ನು ಹದಿಮೂರನೇ ಶತಮಾನದ ಆರಂಭಕ್ಕೆ ಇಡುತ್ತಾರೆ. ನೋಡಲು ಹೋಗುವ ನಮಗೆ ಈ ನೂರು ವರ್ಷದ ವ್ಯತ್ಯಾಸ ದೊಡ್ಡದಲ್ಲ.

ದೊಡ್ಡ ಮಾತು ಬೇರೆ ಇದೆ. ಈ ಗುಡಿಗಳಲ್ಲಿ ಕೆಲಸ ಮಾಡಿದ ಕೈ ಕಾಶ್ಮೀರದ್ದು, ಅಥವಾ ಕಾಶ್ಮೀರದಲ್ಲಿ ಪಳಗಿದ್ದು. ಆ ಕಾಲದ ಕಾಶ್ಮೀರದ ಮರದ ಗುಡಿಗಳು, ಭಿತ್ತಿಚಿತ್ರಗಳು ಕಾಶ್ಮೀರದಲ್ಲೇ ಉಳಿದಿಲ್ಲ. ಮಾರ್ತಾಂಡದಂಥ ಕಲ್ಲಿನ ಗುಡಿಗಳ ಅವಶೇಷ ಮಾತ್ರ ಇದೆ. ಹಾಗಾಗಿ ಅಂದಿನ ಕಾಶ್ಮೀರದ ಬಣ್ಣ ಹೇಗಿತ್ತು, ಉಡುಗೆ ಹೇಗಿತ್ತು, ಅರಮನೆ ಹೇಗಿತ್ತು ಎಂದು ಕಾಣಬೇಕಾದರೆ ಆಲ್ಚಿಗೇ ಬರಬೇಕು. ಇದು ಉಳಿದದ್ದಕ್ಕೆ ಕಲಾ ಇತಿಹಾಸಕಾರರು ಕೊಡುವ ಕಾರಣ ಸ್ವಾರಸ್ಯವಾಗಿದೆ. ಕೆಲವು ಶತಮಾನಗಳ ಹಿಂದೆ ಆಲ್ಚಿ ಮಠವಾಗಿ ನಡೆಯುವುದು ನಿಂತು, ಲಿಕಿರ್ ಮಠದ ಸುಪರ್ದಿಗೆ ಹೋಯಿತು. ದಿನನಿತ್ಯದ ದೊಡ್ಡ ಪೂಜೆ ಇಲ್ಲದ್ದರಿಂದ ಬೆಣ್ಣೆದೀಪದ ಹೊಗೆ ಕಡಿಮೆಯಾಯಿತು. ಶ್ರೀಮಂತ ಭಕ್ತರಿಲ್ಲದ್ದರಿಂದ ಹಳೆಯದನ್ನು ಅಳಿಸಿ ಹೊಸ ಬಣ್ಣ ಬಳಿಯುವ ಜೀರ್ಣೋದ್ಧಾರದ ಕಾಟವೂ ತಪ್ಪಿತು. ಹದಿನಾರನೇ ಶತಮಾನದಲ್ಲಿ ಒಮ್ಮೆ ಸುಮ್‌ತ್ಸೆಕ್‌ನ ದುರಸ್ತಿ ನಡೆದಿದೆ, ಅಷ್ಟೇ. ನಮ್ಮೂರುಗಳ ಹಳೆಯ ಗುಡಿಗಳಿಗೆ ಎಣ್ಣೆಬಣ್ಣ ಮೆತ್ತಿರುವುದನ್ನು ಕಂಡು ಹೊಟ್ಟೆ ಉರಿಸಿಕೊಂಡವರಿಗೆ ಈ ಅಲಕ್ಷ್ಯದ ಬೆಲೆ ಗೊತ್ತಾಗುತ್ತದೆ.

ಕನ್ನಡದವರಿಗೆ ಇಲ್ಲಿನ ದೇವತೆಗಳು ಪರಕೀಯರೇನಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಸುಮ್‌ತ್ಸೆಕ್‌ನಲ್ಲಿ ಎಡಕ್ಕೆ ನಿಂತಿರುವ ಅವಲೋಕಿತೇಶ್ವರನ ಇನ್ನೊಂದು ಹೆಸರು ಲೋಕೇಶ್ವರ. ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿರುವ ಕಂಚಿನ ಲೋಕೇಶ್ವರನನ್ನು ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಎಂದು ಅದರ ಪೀಠದ ಶಾಸನವೇ ಹೇಳುತ್ತದೆ. ಗದಗ ಜಿಲ್ಲೆಯ ಡಂಬಳದ 1095ರ ಶಾಸನದಲ್ಲಿ ಅಲ್ಲಿನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ, ತಾರಾದೇವಿಯ ಮಾತು ಬರುತ್ತದೆ. ಆಲ್ಚಿಯಲ್ಲಿ ಗೋಡೆ ಏಳುವ ಆಸುಪಾಸಿನಲ್ಲೇ ನಮ್ಮಲ್ಲೂ ತಾರೆಗೆ ಪೂಜೆ ಸಲ್ಲುತ್ತಿತ್ತು.

ಹೋಗುವ ಮುಂಚೆ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ದೆಹಲಿ ಮೇಲೆ ವಿಮಾನದಲ್ಲಿ ಹೋಗಿ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಬೇಕು, ನೀರು ಕುಡಿಯಬೇಕು, ಹೆಚ್ಚು ಓಡಾಡಬಾರದು. ಇದನ್ನು ಎಲ್ಲರೂ ಹೇಳುತ್ತಾರೆ, ಕೇಳುವವರು ಕಡಿಮೆ. ಆಲ್ಚಿ ಲೇಹ್‌ಗಿಂತ ಸುಮಾರು 400 ಮೀಟರ್ ತಗ್ಗಿನಲ್ಲಿರುವುದರಿಂದ ಮೂರನೇ ದಿನದ ಮೊದಲ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ. ಖರ್ದುಂಗ್‌ಲಾ, ಪ್ಯಾಂಗಾಂಗ್ ಎಂದು ಎತ್ತರಕ್ಕೆ ಏರುವ ಮೊದಲು ದೇಹಕ್ಕೆ ಇಲ್ಲಿ ಒಂದು ರಾತ್ರಿ ಕೊಟ್ಟರೆ ಒಳ್ಳೆಯದೇ ಆಗುತ್ತದೆ. ಆಲ್ಚಿಗೆ ಇನ್ನರ್ ಲೈನ್ ಪರ್ಮಿಟ್ ಬೇಕಿಲ್ಲ.

ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ಅನುಕೂಲದ ಕಾಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಉತ್ತಮ: ಜನ ಕಡಿಮೆ, ಆಕಾಶ ಶುಭ್ರ, ಕೊಯ್ಲು ನಡೆದಿರುತ್ತದೆ. ಏಪ್ರಿಕಾಟ್ ಹಣ್ಣಿನ ಆಸೆಯಿದ್ದರೆ ಜುಲೈ ಕೊನೆ, ಆಗಸ್ಟ್. ಲಡಾಖಿಗರು ಅದನ್ನು ಚುಲಿ ಎನ್ನುತ್ತಾರೆ. ಮರದಿಂದ ಬಿದ್ದದ್ದನ್ನು ಆಯ್ದು ತಿನ್ನುವುದಕ್ಕೂ ಮರದ ಒಡೆಯರನ್ನು ಒಂದು ಮಾತು ಕೇಳುವುದು ಮರ್ಯಾದೆ. ಅವರು ಬೇಡವೆನ್ನುವುದು ಅಪರೂಪ. ಚಳಿಗಾಲದಲ್ಲಿ ಊರಿನ ವಸತಿಗೃಹಗಳು ಬಹುಪಾಲು ಮುಚ್ಚಿರುತ್ತವೆ. ಗುಡಿ ತೆರೆಸಬೇಕಾದರೆ ಕೀಲಿ ಇರುವ ಲಾಮಾರನ್ನು ಹುಡುಕಬೇಕಾಗುತ್ತದೆ.

ಲೇಹ್‌ನಿಂದ ಬಸ್ಸು ಉಂಟು, ಆದರೆ ಅದು ಹಳ್ಳಿಯ ಜನರ ಅನುಕೂಲಕ್ಕೆ ಓಡುವ ಬಸ್ಸು. ಪೇಟೆಗೆ ಹೋದವರು ಊರಿಗೆ ಮರಳುವ ಹೊತ್ತಿಗೆ ಹೊರಡುತ್ತದೆ, ಬೆಳಗ್ಗೆ ಲೇಹ್‌ಗೆ ಹಿಂದಿರುಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಹೋಗುವವರು ರಾತ್ರಿ ಉಳಿಯುವ ಲೆಕ್ಕ ಹಾಕಿಯೇ ಹೊರಡಬೇಕು. ಟ್ಯಾಕ್ಸಿಗಳಿಗೆ ಸಂಘ ಗೊತ್ತುಮಾಡಿದ ದರಪಟ್ಟಿ ಇರುತ್ತದೆ, ನಿಲ್ದಾಣದಲ್ಲೇ ನೋಡಿಕೊಂಡು ಮಾತಾಡಿ. ಹೊರರಾಜ್ಯದ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಡ್ ಇದ್ದರೆ ಸರಿ, ಇಲ್ಲದಿದ್ದರೆ ಫೋನ್ ಮೂಲಕ ಹಣ ಕಳಿಸುವ ಭರವಸೆಯಲ್ಲಿ ಹೋಗಬೇಡಿ. ಗುಡಿಯ ಟಿಕೆಟ್ಟಿಗೆ, ಹುಂಡಿಗೆ, ಓಣಿಯ ಅಂಗಡಿಗೆ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಇಟ್ಟುಕೊಳ್ಳಿ.

ಉಳಿಯಲು ಊರಲ್ಲೇ ಅತಿಥಿಗೃಹಗಳಿವೆ. ಒಂದು ರಾತ್ರಿ ಉಳಿದವರಿಗೆ ಆಗುವ ದೊಡ್ಡ ಲಾಭವೆಂದರೆ ಲೇಹ್‌ನ ಗಾಡಿಗಳು ಬಂದು ಸೇರುವ ಮೊದಲು ಗುಡಿಯ ಬಾಗಿಲಲ್ಲಿ ನಿಲ್ಲುವುದು. ಮಧ್ಯಾಹ್ನ ಊಟದ ಹೊತ್ತಿಗೆ ಬೀಗ ಬೀಳುತ್ತದೆ. ಆ ಸಮಯದಲ್ಲಿ ಬಂದು ಸಿಡುಕುವ ಬದಲು ಊಟ ಮಾಡಿ. ಥುಕ್ಪಾ ಎಲ್ಲ ಕಡೆ ಸಿಗುತ್ತದೆ. ಆಲ್ಚಿಯ ಹೆಂಗಸರ ಕೈಯಡುಗೆಯಲ್ಲಿ ಕೇಳಿ ತಿನ್ನಬೇಕಾದದ್ದು ಸ್ಕ್ಯೂ ಮತ್ತು ಚುತಾಗಿ. ಎರಡೂ ಗೋಧಿಹಿಟ್ಟಿನ ತುಂಡುಗಳನ್ನು ತರಕಾರಿಯ ಗಟ್ಟಿ ಸಾರಿನಲ್ಲಿ ಬೇಯಿಸಿದ ಅಡುಗೆಗಳು. ಮಾಂಸ ತಿನ್ನದವರು ಮೊದಲೇ ಹೇಳಿದರೆ ಬರೀ ತರಕಾರಿಯಲ್ಲಿ ಮಾಡಿಕೊಡುತ್ತಾರೆ. ಉಪ್ಪು, ಬೆಣ್ಣೆ ಹಾಕಿದ ಗುರ್‌ಗುರ್ ಚಹಾ ಎಲ್ಲರಿಗೂ ಹಿಡಿಸುವುದಿಲ್ಲ. ಕೊಟ್ಟದ್ದನ್ನು ಸ್ವಲ್ಪ ಕುಡಿದು ಬಟ್ಟಲು ಹಾಗೇ ಇಟ್ಟರೆ ಯಾರೂ ಬೇಸರಿಸುವುದಿಲ್ಲ. ಬಟ್ಟಲು ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ, ಅದು ನೆನಪಿರಲಿ.

ಗುಡಿಯೊಳಗೆ

ಒಳಗೆ ಫೋಟೋ ನಿಷಿದ್ಧ. ಫ್ಲ್ಯಾಶ್ ಇಲ್ಲದೆಯೂ ತೆಗೆಯುವಂತಿಲ್ಲ. ಇದರ ಮೇಲೆ ಬಾಗಿಲಲ್ಲಿ ಕೂತ ಲಾಮಾರೊಡನೆ ವಾದಕ್ಕಿಳಿಯುವ ಪ್ರವಾಸಿಗರನ್ನು ಕಂಡು ನಾಚಿಕೆಯಾಗುತ್ತದೆ. ಚಿತ್ರ ಬೇಕೆಂದರೆ ಅದಕ್ಕೆ ಪುಸ್ತಕಗಳಿವೆ. ರೋಜರ್ ಗೋಪರ್ ಬರೆದು, ಯಾರೋಸ್ಲಾವ್ ಪೊಂಕಾರ್ ಛಾಯಾಚಿತ್ರ ತೆಗೆದ ಸುಮ್‌ತ್ಸೆಕ್ ಕುರಿತ ದೊಡ್ಡ ಗ್ರಂಥ 1996ರಲ್ಲಿ ಬಂತು. ನಮ್ಮ ಫೋನು ಅದರ ಕಾಲು ಭಾಗದಷ್ಟನ್ನೂ ಹಿಡಿಯಲಾರದು. ಗ್ರಂಥಾಲಯದಲ್ಲಿ ಸಿಕ್ಕರೆ ಹೊರಡುವ ಮೊದಲೇ ತಿರುವಿಹಾಕಿ. ಏನು ನೋಡಬೇಕು ಎಂದು ಗೊತ್ತಿದ್ದರೆ ಅರೆಗತ್ತಲಲ್ಲೂ ಕಣ್ಣು ಅದನ್ನು ಹುಡುಕುತ್ತದೆ.

ತೆಗೆದುಕೊಂಡು ಹೋಗಬೇಕಾದ ಮುಖ್ಯ ವಸ್ತು ಒಂದು ಚಿಕ್ಕ ಟಾರ್ಚು. ಫೋನಿನ ಟಾರ್ಚ್ ಬೇಡ. ಫೋನ್ ಎತ್ತಿ ಹಿಡಿದರೆ ಫೋಟೋ ತೆಗೆಯುತ್ತಿದ್ದೀರೆಂದೇ ಲಾಮಾ ಭಾವಿಸುತ್ತಾರೆ, ಆಮೇಲೆ ನಿಮ್ಮ ಮೇಲಿನ ಕಣ್ಣು ತೆಗೆಯುವುದಿಲ್ಲ. ಟಾರ್ಚು ತೋರಿಸಿ, ಬಳಸಬಹುದೇ ಎಂದು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಬೆಳಕನ್ನು ಒಂದೇ ಕಡೆ ಹೊತ್ತುಗಟ್ಟಲೆ ಹಿಡಿಯಬೇಡಿ. ಪಕ್ಷಿವೀಕ್ಷಣೆಯ ದುರ್ಬೀನು ಇದ್ದರೆ ಅದೂ ಇರಲಿ, ಮೇಲಿನ ಗೋಡೆಗಳಿಗೆ ಬಹಳ ಉಪಯೋಗ. ಬೆನ್ನಿನ ಚೀಲ ಮಾತ್ರ ಗಾಡಿಯಲ್ಲೇ ಬಿಡಿ. ಇಕ್ಕಟ್ಟಿನಲ್ಲಿ ತಿರುಗಿದಾಗ ಅದು ಗೋಡೆಗೆ ಉಜ್ಜುತ್ತದೆ, ಆ ಗೋಡೆಯ ಮೇಲೆ ಚಿತ್ರವಿರುತ್ತದೆ. ಶೂ ಹೊರಗೆ ಬಿಡಬೇಕಾದ್ದರಿಂದ ದಪ್ಪ ಕಾಲುಚೀಲ ಹಾಕಿಕೊಳ್ಳಿ. ನೆಲ ಜೂನ್‌ನಲ್ಲೂ ಕೊರೆಯುತ್ತದೆ.

ಆವರಣದ ದಾರಿಯಲ್ಲಿ ಕೆಳಗಿನಿಂದ ಹಾದುಹೋಗಬಹುದಾದ ಚೋರ್ತೆನ್ ಸಿಗುತ್ತದೆ. ಇಂಥದ್ದಕ್ಕೆ ಕಕನಿ ಎನ್ನುತ್ತಾರೆ. ಬಹಳ ಜನ ಇದನ್ನು ಬಾಗಿಲೆಂದುಕೊಂಡು ದಾಟಿಬಿಡುತ್ತಾರೆ. ಒಳಗೆ ನಿಂತು ತಲೆ ಎತ್ತಿ ನೋಡಿ. ಚೋರ್ತೆನ್‌ನ ಹೊಟ್ಟೆಯೊಳಗೆ ಇನ್ನೊಂದು ಚಿಕ್ಕ ಚೋರ್ತೆನ್ ಇದೆ, ಅದರ ಒಳಗೋಡೆಗಳಲ್ಲಿ ಗುರುಗಳ ಚಿತ್ರಗಳಿವೆ. ಅವರಲ್ಲಿ ಒಬ್ಬರು ರಿಂಚೆನ್ ಸಾಂಗ್ಪೋ ಎಂದು ಹಲವರು ಹೇಳುತ್ತಾರೆ.

ಮುಂದೆ ಸುಮ್‌ತ್ಸೆಕ್. ನೇರ ಒಳಗೆ ನುಗ್ಗದೆ ಮುಂಭಾಗದ ಮರದ ಕೆತ್ತನೆಯನ್ನು ನೋಡಿ: ತ್ರಿಕೋನದ ಚೌಕಟ್ಟಿನೊಳಗೆ ಮೂರೆಸಳಿನ ಕಮಾನು, ಅದರೊಳಗೆ ಪುಟ್ಟ ಮೂರ್ತಿ. ಇದು ಕಾಶ್ಮೀರದ ಕಲ್ಲಿನ ಗುಡಿಗಳ ಅಚ್ಚು, ಇಲ್ಲಿ ಮರಕ್ಕೆ ಇಳಿದಿದೆ. ಒಳಗಿನ ಜಾಗ ಹಳ್ಳಿಮನೆಯ ಪಡಸಾಲೆಯಷ್ಟು. ನಾಲ್ಕು ಕಂಬ, ನಡುವೆ ಒಂದು ಚೋರ್ತೆನ್, ಮೂರು ಗೋಡೆಗಳಲ್ಲಿ ಮೂರು ಆಳವಾದ ಗೂಡು. ಒಂದೊಂದು ಗೂಡಿನಲ್ಲೂ ನಿಂತ ಒಬ್ಬೊಬ್ಬ ಬೋಧಿಸತ್ವ. ಎತ್ತರ ಸುಮಾರು 4 ಮೀಟರ್, ನಡುವಿನದು ಅದಕ್ಕೂ ಹೆಚ್ಚು. ಮೊದಲು ಕಾಣುವುದು ಕಾಲು, ಪಂಚೆ, ನಡು. ಮುಖ ಕಾಣಬೇಕಾದರೆ ಗೂಡಿನ ಹತ್ತಿರ ಹೋಗಿ ಕತ್ತು ಎತ್ತಬೇಕು, ಏಕೆಂದರೆ ತಲೆಗಳು ಮೊದಲ ಅಂತಸ್ತಿನ ಮಾಳಿಗೆಯನ್ನು ದಾಟಿ ಎರಡನೆಯದಕ್ಕೆ ಹೋಗಿವೆ. ಮೇಲಂತಸ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹಳೆಯ ತೊಲೆಗಳು ಆ ಭಾರ ತಾಳಲಾರವು, ಕೇಳಿ ಲಾಮಾರನ್ನು ಪೇಚಿಗೆ ಸಿಕ್ಕಿಸಬೇಡಿ.

ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಲಿ. ಆಮೇಲೆ ಎಡದಿಂದ ಶುರುಮಾಡಿ.

ಎಡಗಡೆ ಬಿಳಿಯ ಮೈಬಣ್ಣದ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ಅವನ ಮುಖ ಆಮೇಲೆ ನೋಡುವಿರಂತೆ, ಮೊದಲು ಪಂಚೆ ನೋಡಿ. ಆ ಬಟ್ಟೆಯ ಮೇಲೆ ಇಡೀ ಒಂದು ನಾಡು ಇದೆ. ಗುಡಿಗಳು, ಸ್ತೂಪಗಳು, ಅರಮನೆಗಳು, ಉಪ್ಪರಿಗೆಯಲ್ಲಿ ಕೂತವರು, ಕುದುರೆ ಸವಾರರು, ವಾದ್ಯ ನುಡಿಸುವವರು. ಅಂದಿನ ಕಾಶ್ಮೀರದ ಪುಣ್ಯಸ್ಥಳಗಳು ಇವು ಎಂದು ವಿದ್ವಾಂಸರ ಊಹೆ. ಟಾರ್ಚಿನ ಬೆಳಕನ್ನು ಮೊಣಕಾಲಿನಿಂದ ಪಾದದವರೆಗೆ ನಿಧಾನವಾಗಿ ಇಳಿಸಿದರೆ ಒಂದೊಂದೇ ಕಟ್ಟಡ ಎದ್ದು ಬರುತ್ತದೆ. ಆಲ್ಚಿಯಲ್ಲಿ ಒಂದನ್ನೇ ನೋಡಲು ಸಾಧ್ಯವೆಂದರೆ ನಾನು ಈ ಪಂಚೆಯನ್ನು ಆರಿಸುತ್ತೇನೆ. ಅದೇ ಗೂಡಿನ ಹತ್ತಿರದ ಗೋಡೆಯಲ್ಲಿ ಆರು ಕೈಗಳ ಹಸಿರು ದೇವಿಯ ಚಿತ್ರವಿದೆ. ಅವಳನ್ನು ಕೆಲವರು ತಾರೆ ಎನ್ನುತ್ತಾರೆ, ಕೆಲವರು ಪ್ರಜ್ಞಾಪಾರಮಿತೆ ಎನ್ನುತ್ತಾರೆ. ಆಲ್ಚಿಯ ಬಗೆಗಿನ ಪುಸ್ತಕಗಳಲ್ಲೆಲ್ಲ ಅವಳು ಇದ್ದೇ ಇರುತ್ತಾಳೆ. ಕಣ್ಣಿನ ಅಂಚು, ಪಾರದರ್ಶಕ ಮೇಲುಡುಗೆಯ ಗೆರೆ ನೋಡಿದರೆ ಕಾರಣ ತಿಳಿಯುತ್ತದೆ.

ಎದುರಿಗೆ ಕೆಂಪು ಛಾಯೆಯ ಮೈತ್ರೇಯ, ಮುಂದೆ ಬರಲಿರುವ ಬುದ್ಧ. ಅವನ ಪಂಚೆಯ ಮೇಲೆ ಈಗಾಗಲೇ ಬಂದುಹೋದ ಬುದ್ಧನ ಜೀವನ ಇದೆ. ಒಂದೊಂದು ವೃತ್ತದಲ್ಲಿ ಒಂದೊಂದು ಪ್ರಸಂಗ: ಹುಟ್ಟು, ಮನೆ ಬಿಟ್ಟು ಹೋಗುವುದು, ತಪಸ್ಸು. ಮಕ್ಕಳನ್ನು ಕರೆದುಕೊಂಡು ಹೋದವರು ಇಲ್ಲಿ ನಿಲ್ಲಬಹುದು, ಕಥೆ ಅವರಿಗೂ ಗೊತ್ತಿರುವುದೇ. ಬಲಗಡೆ ಹಳದಿ ಮೈಬಣ್ಣದ ಮಂಜುಶ್ರೀ, ಪ್ರಜ್ಞೆಯ ಬೋಧಿಸತ್ವ. ಅವನ ಪಂಚೆಯ ತುಂಬ 84 ಮಹಾಸಿದ್ಧರು. ಬೈರಾಗಿಗಳು, ಅರೆನಗ್ನ ಯೋಗಿಗಳು, ಒಬ್ಬೊಬ್ಬರದು ಒಂದೊಂದು ಭಂಗಿ. ನಮ್ಮ ನಾಥ, ಸಿದ್ಧ ಪರಂಪರೆಯ ಮತ್ಸ್ಯೇಂದ್ರ, ಗೋರಕ್ಷರಿಗೂ ಈ 84ರ ಲೆಕ್ಕದಲ್ಲಿ ಜಾಗವಿದೆ. ಗೂಡುಗಳ ಈ ಮೂವರು ಬೋಧಿಸತ್ವರನ್ನು ಕಾಯ, ವಾಕ್ಕು, ಚಿತ್ತ ಎಂಬ ಮೂರಕ್ಕೆ ಆಸರೆಯಾಗಿ ನಿಲ್ಲಿಸಿದೆ ಎಂದು ಗುಡಿಯ ಬರಹವೇ ಹೇಳುತ್ತದೆ.

ವಿಗ್ರಹಗಳ ಅಕ್ಕಪಕ್ಕ ಗೋಡೆಗೆ ಅಂಟಿಕೊಂಡಂತಿರುವ ಪುಟ್ಟ ಮಣ್ಣಿನ ದೇವಿಯರನ್ನು ಮರೆಯಬೇಡಿ. ಸೂರಿನ ಹಲಗೆಗಳ ಮೇಲೂ ಬಟ್ಟೆಯ ನಮೂನೆಗಳ ಚಿತ್ರವಿದೆ, ಅಂದಿನ ನೇಯ್ಗೆ, ಅಚ್ಚುಗಳ ಮಾದರಿ ಅಲ್ಲಿ ಸಿಗುತ್ತದೆ. ಇಳಕಲ್ಲು, ಮೊಳಕಾಲ್ಮೂರು ಸೀರೆಗಳ ಅಂಚು ಬಲ್ಲವರು ಬೇಗ ಹೊರಗೆ ಬರುವುದಿಲ್ಲ.

ದುಖಾಂಗ್ ಸುಮ್‌ತ್ಸೆಕ್‌ಗಿಂತ ಹಳೆಯದು. ಮರದ ಬಾಗಿಲವಾಡದ ಕೆತ್ತನೆ ಮೂಲದ್ದೇ. ಒಳಗೆ ನಾಲ್ಕು ಮುಖದ ವೈರೋಚನ ಬುದ್ಧ, ಸುತ್ತ ಇತರ ನಾಲ್ವರು ಬುದ್ಧರು, ಗೋಡೆಗಳಲ್ಲಿ ದೊಡ್ಡ ದೊಡ್ಡ ಮಂಡಲಗಳು. ಮಂಡಲಗಳನ್ನು ಓದಲು ಗುರು ಬೇಕು. ಗುರು ಇಲ್ಲದೆಯೂ ಓದಬಹುದಾದ್ದು ಬಾಗಿಲ ಹತ್ತಿರದ ಒಂದು ಸಣ್ಣ ಚಿತ್ರ: ಮಧ್ಯ ಏಷ್ಯಾದ ಮಾದರಿಯ ನಿಲುವಂಗಿ ತೊಟ್ಟ ದೊರೆ, ಪಕ್ಕದಲ್ಲಿ ರಾಣಿ, ಕೈಯಲ್ಲಿ ಪಾನಪಾತ್ರೆ. ಇಂಥ ಲೌಕಿಕ ಚಿತ್ರ ಗುಡಿಯೊಳಗೆ ಹೇಗೆ ಬಂತು, ಇವರು ಯಾರು ಎಂಬ ಚರ್ಚೆ ಇನ್ನೂ ನಡೆದಿದೆ. ಮಂಜುಶ್ರೀ ಲ್ಹಾಖಾಂಗ್‌ನಲ್ಲಿ ನಾಲ್ಕು ಮಂಜುಶ್ರೀಯರು ಒಂದೇ ಜಗಲಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಬಣ್ಣ ಹೊಸದು, ಬೇಗ ನೋಡಿ ಬರಬಹುದು. ಲೋತ್ಸಾವಾ ಲ್ಹಾಖಾಂಗ್ ಅನುವಾದಕನ ಹೆಸರಿನದು. ಲ್ಹಾಖಾಂಗ್ ಸೋಮಾ ಅಂದರೆ ಹೊಸ ಗುಡಿ ಹಲವು ಬಾರಿ ಮುಚ್ಚಿರುತ್ತದೆ.

ಯಾವ ಗುಡಿಗೆ ಹೋದರೂ ಮೂರ್ತಿಗಳನ್ನು ಗುರುತಿಸಲು ಎರಡು ಸುಳಿವು ಸಾಕು. ಸನ್ಯಾಸಿಯ ಕಾವಿ ಹೊದ್ದು ಒಡವೆ ಇಲ್ಲದವನು ಬುದ್ಧ, ಕಿರೀಟ, ಹಾರ, ತೋಳಬಂದಿ ತೊಟ್ಟವನು ಸಾಮಾನ್ಯವಾಗಿ ಬೋಧಿಸತ್ವ. ದುಖಾಂಗ್‌ನ ವೈರೋಚನನಂತೆ ಕಿರೀಟ ತೊಟ್ಟ ಬುದ್ಧರೂ ಉಂಟು, ಆಗ ಎರಡನೇ ಸುಳಿವು ನೋಡಬೇಕು. ಐವರು ಬುದ್ಧರಿಗೆ ಬಣ್ಣ ನಿಗದಿಯಾಗಿದೆ: ವೈರೋಚನ ಬಿಳಿ, ಅಕ್ಷೋಭ್ಯ ನೀಲಿ, ರತ್ನಸಂಭವ ಹಳದಿ, ಅಮಿತಾಭ ಕೆಂಪು, ಅಮೋಘಸಿದ್ಧಿ ಹಸಿರು. ಕೈಯ ಮುದ್ರೆಯೂ ಬೇರೆ ಬೇರೆ. ನೆಲ ಮುಟ್ಟಿದ ಕೈ ಅಕ್ಷೋಭ್ಯನದು, ಮಡಿಲಲ್ಲಿ ಎರಡೂ ಕೈ ಇಟ್ಟವನು ಅಮಿತಾಭ, ಅಂಗೈ ತೋರಿ ಅಭಯ ಕೊಟ್ಟವನು ಅಮೋಘಸಿದ್ಧಿ.

ನಡೆನುಡಿಯಲ್ಲಿ ಕನ್ನಡಿಗರಿಗೆ ಹೆಚ್ಚು ಹೇಳಿಕೊಡಬೇಕಾದ್ದಿಲ್ಲ. ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. ಗುಡಿ, ಚೋರ್ತೆನ್, ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ ಎಲ್ಲವನ್ನೂ ಬಲಗೈ ಕಡೆ ಇಟ್ಟುಕೊಂಡು ದಾಟಬೇಕು. ಪ್ರಾರ್ಥನಾ ಚಕ್ರವನ್ನೂ ಬಲಕ್ಕೇ ತಿರುಗಿಸುವುದು. ಮೂರ್ತಿಯ ಕಡೆ ಕಾಲು ಚಾಚಿ ಕೂರುವಂತಿಲ್ಲ, ಟೋಪಿ ತೆಗೆಯಬೇಕು, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ನಮಗೆ ಕಷ್ಟವಾಗುವ ಸಂಗತಿ ಒಂದೇ, ಪಾದ ಮುಟ್ಟಿ ನಮಸ್ಕರಿಸುವ ಅಭ್ಯಾಸ. ಇಲ್ಲಿ ಅದು ಬೇಡ. ದೂರ ನಿಂತು ಕೈಮುಗಿದರೆ ಸಾಕು. ಮಾತು ಶುರುಮಾಡಲು ‘ಜೂಲೆ’ ಎನ್ನಿ. ನಮಸ್ಕಾರಕ್ಕೂ ಧನ್ಯವಾದಕ್ಕೂ ಹೋಗಿಬರುತ್ತೇನೆ ಎನ್ನುವುದಕ್ಕೂ ಅದೇ ಪದ. ವಯಸ್ಸಾದ ಹೆಂಗಸರನ್ನು ‘ಆಮಾ-ಲೇ’, ನಿಮಗಿಂತ ಸ್ವಲ್ಪ ದೊಡ್ಡ ಗಂಡಸರನ್ನು ‘ಅಚೋ-ಲೇ’ ಎಂದರೆ ಮುಖ ಅರಳುತ್ತದೆ. ಕೊನೆಯ ‘ಲೇ’ ಅಲ್ಲಿ ಗೌರವಸೂಚಕ, ನಮ್ಮಲ್ಲಿಯಂತೆ ಅಲ್ಲ!

ಇನ್ನೂ ಒಂದು ದಿನ ಇದ್ದರೆ

ಆಲ್ಚಿ ಹಿಡಿಸಿದವರು ಮಂಗ್ಯು ಎಂಬ ಹಳ್ಳಿಗೆ ಹೋಗಬೇಕು. ಹೆದ್ದಾರಿಯಿಂದ ಒಳಗೆ ಕಣಿವೆಯಲ್ಲಿದೆ. ಆಲ್ಚಿಯ ಕಾಲಕ್ಕೇ ಸೇರುವ ಪುಟ್ಟ ಗುಡಿಗಳು, ಅದೇ ಬಗೆಯ ಮಣ್ಣಿನ ಬೋಧಿಸತ್ವರು, ಪ್ರವಾಸಿಗರಿಲ್ಲ. ಲಾಮಾಯೂರು ಕಡೆಗೆ ಹೋಗುವವರು ವನ್ಲಾದ ಮೂರಂತಸ್ತಿನ ಗುಡಿ ನೋಡಬಹುದು. ಅಲ್ಲೂ ಮೂರು ಗೂಡು, ಮೂರು ದೊಡ್ಡ ಮೂರ್ತಿ. ಇಂಥ ಕಡೆ ಟಿಕೆಟ್ ಕಟ್ಟೆ ಇರುವುದಿಲ್ಲ, ಬಾಗಿಲಿಗೆ ಬೀಗ ಇರುತ್ತದೆ. ಕೀಲಿ ಕೋನ್ಯರ್ ಬಳಿ, ಅಂದರೆ ಗುಡಿ ನೋಡಿಕೊಳ್ಳುವವರ ಬಳಿ. ಅವರು ಹೊಲದಲ್ಲಿರಬಹುದು, ಪಕ್ಕದೂರಿಗೆ ಹೋಗಿರಬಹುದು. ಸಿಕ್ಕ ಮೊದಲ ಮನುಷ್ಯರನ್ನು ಕೇಳಿ, ಕಾಯಿರಿ. ಒಂದು ಗಂಟೆ ಕಾದರೆ ಯಾರಾದರೂ ಮಗುವಿನ ಕೈಯಲ್ಲಿ ಕೀಲಿ ಬರುವುದುಂಟು. ಬಾರದೆಯೂ ಇರಬಹುದು, ಆ ಲೆಕ್ಕವನ್ನು ಇಟ್ಟುಕೊಂಡೇ ಹೋಗಿ. ಕೆಲಸ ಬಿಟ್ಟು ಬಂದು ಬಾಗಿಲು ತೆರೆದವರ ಕೈಗೆ ಅಲ್ಲ, ಗುಡಿಯ ಹುಂಡಿಗೆ ಧಾರಾಳವಾಗಿ ಹಾಕಿ. ಅವರಿಗೂ ಅದೇ ಇಷ್ಟ.

ಆಲ್ಚಿ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ದಿನದ ನಿಗಾ ಲಿಕಿರ್‌ನ ಲಾಮಾಗಳದು. ಆದರೆ ಅಪಾಯ ಬೇರೆ ದಿಕ್ಕಿನಿಂದ ಬರುತ್ತಿದೆ. ಈ ಮೂರ್ತಿಗಳು ಮರದ ಚೌಕಟ್ಟಿಗೆ ಒಣಹುಲ್ಲು, ನಾರು ಬೆರೆಸಿದ ಮಣ್ಣು ಮೆತ್ತಿ ಮಾಡಿದವು, ಸುಟ್ಟವಲ್ಲ. ಮಾಳಿಗೆಯೂ ಮಣ್ಣಿನದೇ. ಮಳೆಯೇ ಇಲ್ಲದ ನಾಡೆಂದು ನಂಬಿ ಕಟ್ಟಿದ ಮಾಳಿಗೆ ಅದು. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೇಘಸ್ಫೋಟವಾಗಿ ನೂರಾರು ಜನ ಸತ್ತದ್ದು ನೆನಪಿರಬಹುದು. ಅಂಥ ಮಳೆ ಇನ್ನು ಅಪರೂಪವೆಂದು ಹೇಳುವಂತಿಲ್ಲ. ಸೋರಿದ ನೀರು ಗೋಡೆಯ ಮೇಲೆ ಇಳಿದರೆ ಚಿತ್ರದ ಜೊತೆಗೇ ಇಳಿಯುತ್ತದೆ. ಜನರ ಉಸಿರಿನ ತೇವವೂ ಇಂಥ ಸಣ್ಣ ಕೋಣೆಗೆ ಹೊರೆಯೇ.

ನಮ್ಮ ಕೈಲಿರುವುದು ಸ್ವಲ್ಪ. ಗುಂಪಾಗಿ ಹೋದವರು ಒಮ್ಮೆಲೇ ನುಗ್ಗದೆ ನಾಲ್ಕು ನಾಲ್ಕು ಜನ ಒಳಗೆ ಹೋಗಿ. ಕಂಬಕ್ಕೆ, ಗೋಡೆಗೆ ಒರಗಬೇಡಿ. ಒದ್ದೆ ಬಟ್ಟೆಯಲ್ಲಿ ಒಳಗೆ ಹೋಗಬೇಡಿ. ದೀಪ ಹಚ್ಚುವ ಹರಕೆಯಿದ್ದರೆ ಲಾಮಾ ತೋರಿಸಿದ ಜಾಗದಲ್ಲಿ, ಹೊರಗಡೆ ಹಚ್ಚಿ. ನೋಟುಗಳನ್ನು ಮೂರ್ತಿಯ ಪಾದದ ಮೇಲೆ, ಬೆರಳುಗಳ ಸಂದಿಯಲ್ಲಿ ಸಿಕ್ಕಿಸುವುದನ್ನು ದಯವಿಟ್ಟು ಬಿಡಿ. ಎಂಟುನೂರು ವರ್ಷದ ಹಸಿಮಣ್ಣು ಅಷ್ಟಕ್ಕೂ ಉದುರುತ್ತದೆ.